ಮೈಸೂರಲ್ಲಿ ಮಣ್ಣಾದ ದನಿ: ಗೌಹರ್ ಜಾನ್‌ಳನ್ನು ಇಯರ್‌ಫೋನಿನಲ್ಲಿ ಕೇಳೋದು ಹೇಗೆ

ಬೀರೂರು ಬಿಟ್ಟು ಅಜ್ಜಂಪುರದ ಕಡೆ ಹೊರಟ ಪ್ಯಾಸೆಂಜರ್ ರೈಲಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನೂರಕ್ಕೂ ಹೆಚ್ಚು ವರ್ಷ ಹಳೆಯ ಒಂದು ರೆಕಾರ್ಡು ಕೇಳ್ತಾ ಇದ್ದೆ. ಜೊತೆಗಿದ್ದವನು ತರೀಕೆರೆಯ ನಮ್ಮಣ್ಣನ ಮಗ. ಒಂದು ಕಡೆಯ ಇಯರ್‌ಫೋನನ್ನು ಕಿತ್ತುಕೊಂಡು ತನ್ನ ಕಿವಿಗೆ ಇಟ್ಟುಕೊಂಡ. ಹತ್ತು ಸೆಕೆಂಡ್ ಆಗಿರಲಿಕ್ಕಿಲ್ಲ, ವಾಪಸ್ ಕೊಟ್ಟ. ಚಿಕ್ಕಪ್ಪ, ಇದೇನು ಡಬ್ಬದೊಳಗೆ ಸೊಳ್ಳೆ ಬಿಟ್ಟ ಹಾಗಿದೆ, ಕಡೂರು ಬಸ್‌ಸ್ಟ್ಯಾಂಡಿನ ಮುನ್ನೂರು ರೂಪಾಯಿ ಮಾಲಿನಲ್ಲಿ ಇನ್ನೇನು ಕೇಳುತ್ತೆ, ಐದು ಸಾವಿರದ್ದು ಒಂದು ತಗೊಳ್ಳಿ, ಎಲ್ಲ ಸರಿಹೋಗುತ್ತೆ ಅಂದ.

ಅವನ ಐದು ಸಾವಿರದ್ದನ್ನೇ ಇಸಿದುಕೊಂಡು ಹಾಕಿ ನೋಡಿದೆ. ಸೊಳ್ಳೆ ಇನ್ನೂ ಸ್ಪಷ್ಟವಾಗಿ ಕೇಳಿಸಿತು, ಅಷ್ಟೇ. ಹಿಂದಿನ ಚರಪರ ಸದ್ದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಮುಂದಕ್ಕೆ ಬಂತು. ಒಳ್ಳೆಯ ಇಯರ್‌ಫೋನು ಒಳ್ಳೆಯದನ್ನು ಮಾತ್ರ ಆರಿಸಿ ಕೊಡೋದಿಲ್ಲ. ಇರೋದನ್ನೆಲ್ಲ ಕೊಡುತ್ತದೆ.

ಹಾಗಾದರೆ ಕೆಟ್ಟಿರೋದು ಎಲ್ಲಿ? ಈ ಪ್ರಶ್ನೆ ಹಿಡಿದು ಹೋದರೆ ನೀವು 1902ರ ಕಲ್ಕತ್ತಕ್ಕೆ ಹೋಗಿ ತಲುಪ್ತೀರಿ. ಅಲ್ಲಿಂದ ಒಬ್ಬ ಹೆಂಗಸಿನ ಬೆನ್ನು ಹತ್ತಿ ಬಂದರೆ, ಕೊನೆಗೆ ನಮ್ಮದೇ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ. ಆಕೆ ಗೌಹರ್ ಜಾನ್. ಹಿಂದೂಸ್ತಾನದ ಮೊದಲ ರೆಕಾರ್ಡಿಂಗ್ ತಾರೆ. ಇವತ್ತು ಫೋನಿನಲ್ಲಿ ಹಾಡು ಕೇಳೋ ನಾವೆಲ್ಲ ಯಾವ ಅಭ್ಯಾಸದಲ್ಲಿ ಬದುಕ್ತಾ ಇದ್ದೀವೋ, ಅಂದರೆ ಹಾಡುವವರು ಎದುರಿಗಿಲ್ಲದೆ ಹಾಡು ಮಾತ್ರ ಜೇಬಿನಲ್ಲಿರೋದು, ಅದನ್ನು ಈ ದೇಶಕ್ಕೆ ರೂಢಿ ಮಾಡಿಸಿದ ದನಿ ಅದು.

ಹುಟ್ಟಿದ್ದು 1873ರ ಜೂನ್ 26ರಂದು, ಆಜಂಗಢದಲ್ಲಿ. ಹುಟ್ಟಿನ ಹೆಸರು ಏಂಜಲೀನಾ ಯೊವರ್ಡ್. ಅಪ್ಪ ರಾಬರ್ಟ್ ವಿಲಿಯಂ ಯೊವರ್ಡ್ ಆರ್ಮೇನಿಯನ್ ಮೂಲದವನು, ಮಂಜುಗಡ್ಡೆ ಕಾರ್ಖಾನೆಯಲ್ಲಿ ಎಂಜಿನಿಯರ್. ಅಮ್ಮ ವಿಕ್ಟೋರಿಯಾ ಹೆಮ್ಮಿಂಗ್ಸ್. ಆಕೆಯ ಅಪ್ಪ ಬ್ರಿಟಿಷ್, ಅಮ್ಮ ಈ ದೇಶದವಳು. ಕ್ರಿಶ್ಚಿಯನ್ ಮನೆ, ಆರ್ಮೇನಿಯನ್ ಅಪ್ಪ, ಹಿಂದೂ ಅಜ್ಜಿ. ಮುಂದೆ ಇದಕ್ಕೆ ಇಸ್ಲಾಂ ಕೂಡ ಸೇರಿತು. ಇವತ್ತಿನ ಯಾವ ವಾಟ್ಸಾಪ್ ಗುಂಪಿಗೂ ಈ ಹುಡುಗಿಯನ್ನು ಒಂದು ಕಂಬಕ್ಕೆ ಕಟ್ಟಿಹಾಕೋಕೆ ಆಗ್ತಿರಲಿಲ್ಲ.

1879ರಲ್ಲಿ ಅಪ್ಪ ಅಮ್ಮ ಬೇರೆಯಾದರು. ಗಂಡ ಬಿಟ್ಟ ಹೆಂಗಸಿಗೆ, ಅದೂ ಮಿಶ್ರ ರಕ್ತದವಳಿಗೆ, ಆ ಕಾಲದಲ್ಲಿ ಯಾವ ದಾರಿ ಇತ್ತು ಅಂತ ಯೋಚಿಸಿ. ವಿಕ್ಟೋರಿಯಾಳಿಗೆ ಹಾಡು, ಕಾವ್ಯ ಗೊತ್ತಿತ್ತು. 1881ರಲ್ಲಿ ಖುರ್ಷಿದ್ ಅನ್ನುವವರ ಆಸರೆಯಲ್ಲಿ ಮಗಳನ್ನು ಕರೆದುಕೊಂಡು ಬನಾರಸ್ ಸೇರಿದಳು. ಇಬ್ಬರೂ ಮುಸ್ಲಿಮರಾದರು. ವಿಕ್ಟೋರಿಯಾ ಮಲ್ಕಾ ಜಾನ್ ಆದಳು, ಏಂಜಲೀನಾ ಗೌಹರ್ ಜಾನ್. ಆಗ ಮಲ್ಕಾ ಜಾನ್ ಅನ್ನೋ ಹೆಸರಿನ ಗಾಯಕಿಯರು ಇನ್ನೂ ಕೆಲವರಿದ್ದರು. ಹಾಗಾಗಿ ಇವಳನ್ನು ಜನ ಬಡೀ ಮಲ್ಕಾ ಜಾನ್ ಅಂತ ಕರೆದರು.

ಇಲ್ಲಿ ಒಂದು ಮಾತು. ತವಾಯಫ್ ಅಂದ ಕೂಡಲೇ ನಮ್ಮಲ್ಲಿ ಅನೇಕರ ತುಟಿ ವಕ್ರ ಆಗುತ್ತೆ. ನಮ್ಮ ಕಡೆ ದೇವದಾಸಿಯರ ಬಗ್ಗೆ ಆಡೋ ಮಾತೇ ಅದು. ಆದರೆ ಆ ಕಾಲದಲ್ಲಿ ಓದು ಬರಹ ಕಲಿತ, ಸ್ವಂತ ಹೆಸರಲ್ಲಿ ಆಸ್ತಿ ಹೊಂದಿದ, ತೆರಿಗೆ ಕಟ್ಟುತ್ತಿದ್ದ ಹೆಂಗಸರನ್ನು ಹುಡುಕಿಕೊಂಡು ಹೋದರೆ ನಿಮಗೆ ಸಿಗೋದು ಹೆಚ್ಚಾಗಿ ಇವರೇ. ಅವರ ಬದುಕು ಸುಖದ ಸುಪ್ಪತ್ತಿಗೆ ಆಗಿತ್ತು ಅಂತಲ್ಲ. ಗಂಡಸರ ದಯೆಯ ಮೇಲೆ ನಿಂತ ಬದುಕದು, ಅದರ ಹಿಂಸೆಯನ್ನು ಗೌಹರ್ ಚಿಕ್ಕ ವಯಸ್ಸಿನಲ್ಲೇ ಉಂಡವಳು. ಎರಡೂ ನಿಜ. ಒಂದನ್ನು ಹೇಳೋಕೆ ಇನ್ನೊಂದನ್ನು ಮುಚ್ಚಬೇಕಿಲ್ಲ.

1883ರಲ್ಲಿ ತಾಯಿ ಮಗಳು ಕಲ್ಕತ್ತಕ್ಕೆ ಬಂದರು. ಅವಧದ ರಾಜ್ಯ ಕಳೆದುಕೊಂಡ ನವಾಬ ವಾಜಿದ್ ಅಲಿ ಶಾ ಅಲ್ಲಿನ ಮಟಿಯಾಬುರ್ಜ್‌ನಲ್ಲಿ ಪುಟ್ಟದೊಂದು ಲಖನೌ ಕಟ್ಟಿಕೊಂಡಿದ್ದ. ಆ ಆಸ್ಥಾನಕ್ಕೆ ಮಲ್ಕಾ ಸೇರಿದಳು. ಕೆಲವೇ ವರ್ಷಗಳಲ್ಲಿ ಚಿತ್ಪುರ್ ರಸ್ತೆಯಲ್ಲಿ ಸ್ವಂತ ಮನೆ ಕೊಂಡಳು. ಗೌಹರ್‌ಗೆ ಬಿಂದಾದೀನ್ ಮಹಾರಾಜರಲ್ಲಿ ಕಥಕ್ ಪಾಠ. ಖಯಾಲ್, ಠುಮ್ರಿ, ಧ್ರುಪದ್, ಬಂಗಾಳಿ ಕೀರ್ತನೆ ಎಲ್ಲದಕ್ಕೂ ಬೇರೆ ಬೇರೆ ಗುರುಗಳು. 1887ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ದರ್ಭಾಂಗ ಆಸ್ಥಾನದಲ್ಲಿ ಮೊದಲ ಕಛೇರಿ. ಹಮ್‌ದಮ್ ಅನ್ನೋ ಕಾವ್ಯನಾಮದಲ್ಲಿ ತಾನೇ ರಚನೆಗಳನ್ನೂ ಮಾಡುತ್ತಿದ್ದಳು. ಕೃಷ್ಣನ ಮೇಲೆ ಕಟ್ಟಿದ ಹಾಡುಗಳೂ ಅವುಗಳಲ್ಲಿವೆ.

ಈಗ 1902. ಫ್ರೆಡ್ ಗೈಸ್‌ಬರ್ಗ್ ಅಂತ ಒಬ್ಬ ಅಮೆರಿಕನ್, ಲಂಡನ್ನಿನ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಯ ರೆಕಾರ್ಡಿಂಗ್ ತಜ್ಞ. ಅದೇ ವರ್ಷ ಏಪ್ರಿಲ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಎನ್ರಿಕೊ ಕರೂಸೊ ಅನ್ನೋ ಯುವ ಗಾಯಕನ ದನಿ ಹಿಡಿದಿದ್ದ. ಆ ತಟ್ಟೆಗಳು ಯುರೋಪಿನಲ್ಲಿ ಗ್ರಾಮಫೋನಿಗೆ ಆಟಿಕೆಯ ಪಟ್ಟ ತಪ್ಪಿಸಿದವು ಅಂತ ಹೇಳ್ತಾರೆ. ಅಲ್ಲಿಂದ ಪೂರ್ವದ ಮಾರುಕಟ್ಟೆ ಹುಡುಕಿಕೊಂಡು ಹೊರಟವನು ಅಕ್ಟೋಬರ್ ಕೊನೆಗೆ ಕಲ್ಕತ್ತಕ್ಕೆ ಬಂದಿಳಿದ. ಹೋಟೆಲಿನ ಕೋಣೆಗಳನ್ನೇ ಸ್ಟುಡಿಯೊ ಮಾಡಿಕೊಂಡ. ನವೆಂಬರ್ 8ರಂದು ಮೊದಲು ಹಾಡಿದವರು ಬಂಗಾಳಿ ರಂಗಭೂಮಿಯ ಇಬ್ಬರು ಹುಡುಗಿಯರು, ಶೋಶಿಮುಖಿ ಮತ್ತು ಫಣಿಬಾಲಾ. ಗೌಹರ್ ಬಂದದ್ದು ನವೆಂಬರ್ 11ಕ್ಕೆ. ಹಾಗಾಗಿ ಭಾರತದಲ್ಲಿ ಮೊಟ್ಟಮೊದಲು ರೆಕಾರ್ಡ್ ಆದ ದನಿ ಗೌಹರ್‌ದು ಅಂತ ಎಲ್ಲ ಕಡೆ ಬರೆಯೋದು ತಪ್ಪು. ಆ ಇಬ್ಬರು ಹುಡುಗಿಯರ ಹೆಸರು ಯಾರೂ ಹೇಳೋದಿಲ್ಲ. ಇಲ್ಲಿ ಹೇಳಿದ್ದೀನಿ.

ಮೈತುಂಬ ಒಡವೆ ಹಾಕಿಕೊಂಡು, ಪರಿವಾರ ಸಮೇತ ಬಂದಳು ಗೌಹರ್. ಆ ದಿನದ ಹಾಡಿಗೆ 3,000 ರೂಪಾಯಿ ಸಂಭಾವನೆ ಅಂತ ದಾಖಲೆಗಳು ಹೇಳುತ್ತವೆ. ಎದುರಿಗೆ ಇದ್ದದ್ದು ಮೈಕ್ ಅಲ್ಲ. ಮೈಕ್ ಬಳಸಿ ರೆಕಾರ್ಡ್ ಮಾಡೋ ವಿದ್ಯೆ ಬಂದದ್ದು 1925ರಲ್ಲಿ. ಇಲ್ಲಿ ಇದ್ದದ್ದು ಒಂದು ದೊಡ್ಡ ತುತ್ತೂರಿ. ಅದರ ಅಗಲ ಬಾಯಿಯೊಳಗೆ ಮುಖ ಇಟ್ಟು ಹಾಡಬೇಕು. ದನಿ ತುತ್ತೂರಿಯ ಕಿರಿದಾದ ತುದಿಗೆ ಹೋಗಿ ಅಲ್ಲಿನ ತೆಳು ಪೊರೆಯನ್ನು ಅಲುಗಿಸುತ್ತೆ, ಪೊರೆಗೆ ಕಟ್ಟಿದ ಸೂಜಿ ತಿರುಗೋ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತೆ. ಕರೆಂಟು ಇಲ್ಲ, ವಾಲ್ಯೂಮ್ ಇಲ್ಲ. ಗೆರೆ ಕೊರೆಯೋ ಪೂರ್ತಿ ಶಕ್ತಿ ಹಾಡುವವರ ಶ್ವಾಸದಿಂದಲೇ ಬರಬೇಕು.

ಇದರ ಪರಿಣಾಮಗಳನ್ನು ನೋಡಿ. ಮೆಲ್ಲಗೆ ಹಾಡಿದರೆ ಗೆರೆಯೇ ಬೀಳೋದಿಲ್ಲ. ತೀರಾ ಏರುದನಿಯಲ್ಲಿ ಹಾಡಿದರೆ ಸೂಜಿ ಪಕ್ಕದ ಗೆರೆಗೆ ಹಾರುತ್ತೆ. ತಾರಸ್ಥಾಯಿಗೆ ಹೋದಾಗ ತಲೆ ಹಿಂದಕ್ಕೆ ತೆಗೆಯಬೇಕು, ಮಂದ್ರಕ್ಕೆ ಇಳಿದಾಗ ತುತ್ತೂರಿಯೊಳಕ್ಕೆ ಮುಖ ತೂರಿಸಬೇಕು. ಇವತ್ತಿನ ಸೌಂಡ್ ಎಂಜಿನಿಯರ್ ಗುಂಡಿ ತಿರುಗಿಸಿ ಮಾಡೋ ಕೆಲಸವನ್ನು ಆಕೆ ಕುತ್ತಿಗೆಯಲ್ಲಿ ಮಾಡಿದಳು. ತಂಬೂರಿಯ ದನಿ ಬಹುತೇಕ ಬೀಳೋದೇ ಇಲ್ಲ. ತಬಲಾದ ಎಡಗೈ ಮಾಯ. ಮನುಷ್ಯರ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತೆ ಅಂತ ಓದಿರ್ತೀರಿ. ಆ ತುತ್ತೂರಿಗೆ ಸಿಕ್ಕಿದ್ದು ಸುಮಾರು 200ರಿಂದ 2,500ರ ತನಕ, ಹೆಚ್ಚುಕಡಿಮೆ ಲ್ಯಾಂಡ್‌ಲೈನ್ ಫೋನಿನ ದನಿ. ನಮ್ಮ ಹುಡುಗನ ಐದು ಸಾವಿರದ ಇಯರ್‌ಫೋನು ಯಾಕೆ ಸೋತಿತು ಅಂತ ಈಗ ಅರ್ಥ ಆಗಿರಬೇಕು. ತಟ್ಟೆಯಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರುತ್ತೆ?

ಇನ್ನೊಂದು ಕಷ್ಟ ಹೊತ್ತಿನದ್ದು. ಒಂದು ಮುಖದ ಮೇಲೆ ಹಿಡಿಸೋದು ಮೂರು ನಿಮಿಷ. ಒಂದು ರಾಗವನ್ನು ಒಂದು ಗಂಟೆ ಬೆಳೆಸೋರಿಗೆ ಇದು ಅವಮಾನ ಅನ್ನಿಸಿತು. ಎಷ್ಟೋ ದೊಡ್ಡ ಉಸ್ತಾದರು ಮೂಗು ಮುರಿದರು. ಯಂತ್ರ ದನಿ ಕದಿಯುತ್ತೆ, ವಿದ್ಯೆ ಬೀದಿಗೆ ಬೀಳುತ್ತೆ ಅಂತ ಭಯಪಟ್ಟವರೂ ಇದ್ದರು. ಮನೆತನದ ಮಾನ ಕಾಯೋ ಗಂಡಸರು ಹೊರಗೆ ನಿಂತಾಗ ಒಳಗೆ ಹೋದವರು ಯಾರು? ಕಳೆದುಕೊಳ್ಳೋಕೆ ಅಂಥ ಮಾನವನ್ನು ಸಮಾಜ ಯಾರಿಗೆ ಕೊಟ್ಟೇ ಇರಲಿಲ್ಲವೋ ಆ ಹೆಂಗಸರು. ಅವರ ಕಸುಬೇ ಹೊಸಬರ ಎದುರು ಹಾಡಿ ಗೆಲ್ಲೋದು. ಈಗ ಹೊಸಬ ಒಂದು ತಗಡಿನ ತುತ್ತೂರಿ, ಅಷ್ಟೇ ವ್ಯತ್ಯಾಸ. ಗೌಹರ್ ಖಯಾಲನ್ನು, ಠುಮ್ರಿಯನ್ನು ಮೂರು ನಿಮಿಷಕ್ಕೆ ಇಳಿಸಿದಳು ಅನ್ನೋದಕ್ಕಿಂತ ಮೂರು ನಿಮಿಷದ ಹೊಸ ಪ್ರಕಾರವನ್ನೇ ಮಾಡಿದಳು ಅನ್ನಬೇಕು. ಎತ್ತುಗಡೆ, ವಿಸ್ತಾರ, ಚುರುಕಾದ ಒಂದೆರಡು ತಾನ್, ಮುಗಿತಾಯ. ಮುಂದೆ ಸಿನಿಮಾ ಹಾಡಿನ ಉದ್ದವೂ ಇದೇ ಅಳತೆಗೆ ಬಂತು.

ಹಾಡು ಮುಗಿದ ಮೇಲೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಾಳೆ. ಕೇಳಿದವರು ಅದನ್ನು ಠೀವಿ ಅಂತಾರೆ. ಠೀವಿ ಇದೆ, ಸುಳ್ಳಲ್ಲ. ಆದರೆ ಕಾರಣ ಕಾರ್ಖಾನೆಯದ್ದು. ಮೇಣದ ತಟ್ಟೆಗಳು ಜರ್ಮನಿಯ ಹಾನೋವರ್‌ಗೆ ಹಡಗಿನಲ್ಲಿ ಹೋಗಿ, ಅಲ್ಲಿ ಅಚ್ಚಾಗಿ ವಾಪಸ್ ಬರಬೇಕು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದ್ದು ಅಂತ ತಿಳಿಯಬೇಕಲ್ಲ. ಅದಕ್ಕೆ ಹಾಡಿದವರೇ ಕೊನೆಯಲ್ಲಿ ಹೆಸರು ಹೇಳೋ ಪದ್ಧತಿ ಬಂತು. ಹಣೆಪಟ್ಟಿ ಹಚ್ಚೋ ಕೆಲಸವನ್ನೂ ಗಾಯಕಿಯಿಂದಲೇ ಮಾಡಿಸಿಕೊಂಡರು. 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲೇ ಅಚ್ಚು ಹಾಕೋ ಕಾರ್ಖಾನೆ ಶುರುವಾಯಿತು.

1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ರೆಕಾರ್ಡು ಅಂತ ಲೆಕ್ಕ. ಪೂರ್ತಿ ತುತ್ತೂರಿಯ ಯುಗದ್ದೇ. ಮೈಕ್ ಬರೋ ಹೊತ್ತಿಗೆ ಆಕೆಯ ಒಳ್ಳೆಯ ದಿನಗಳು ಮುಗಿದಿದ್ದವು. ಅಂದರೆ ಆಕೆಯ ನಿಜವಾದ ದನಿಯನ್ನು, ಪೂರ್ತಿ ದನಿಯನ್ನು, ಎದುರು ಕೂತು ಕೇಳದ ಯಾರೂ ಯಾವತ್ತೂ ಕೇಳಿಲ್ಲ. ನಾವೂ ಕೇಳೋದಿಲ್ಲ.

ಆದರೆ ಖ್ಯಾತಿಗೆ ಅದು ಅಡ್ಡ ಬರಲಿಲ್ಲ. ಪೋಸ್ಟ್‌ಕಾರ್ಡಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಆಕೆಯ ಚಿತ್ರ ಬಂತು. ವೈಸ್‌ರಾಯ್‌ಗೆ ಮಾತ್ರ ಮೀಸಲಾದ ಹಾಗೆ ಕುದುರೆ ಸಾರೋಟಿನಲ್ಲಿ ಕಲ್ಕತ್ತದ ಬೀದಿ ಸುತ್ತಿ, ದಂಡ ಕಟ್ಟಿ, ಮರುದಿನ ಮತ್ತೆ ಸುತ್ತಿದಳು ಅಂತ ಕಥೆಗಳಿವೆ. ಕಥೆ ಅಂತಲೇ ತಗೊಳ್ಳಿ, ಚೆನ್ನಾಗಿದೆ. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆಯ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿಯ ಜೊತೆ ಹಾಡಿದಳು.

ಕೇಳೋರ ಕಡೆಯ ಕಥೆಯೂ ಸ್ವಾರಸ್ಯವಾಗಿದೆ. ಪೆಟ್ಟಿಗೆ ಮುಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ಗ್ರಾಮಫೋನು 1914ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಂತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಅದಕ್ಕೆ ಕೀ ಕೊಟ್ಟು ಹಾಡು ಕೇಳಿದರು. 1925ರಲ್ಲಿ ಬಂದ ಎಚ್‌ಎಂವಿ 101 ಅಂಥ ಪೆಟ್ಟಿಗೆಗಳಲ್ಲಿ ಹೆಸರುವಾಸಿ. ಆಗಲೂ ಜನ ನಮ್ಮ ಹಾಗೇ ಚಡಪಡಿಸ್ತಾ ಇದ್ದರು: ಈ ಸಣ್ಣ ಪೆಟ್ಟಿಗೆಯಿಂದ ಇನ್ನೂ ಚೆನ್ನಾಗಿ ಹೇಗೆ ಕೇಳೋದು? ಉತ್ತರ ಮುಳ್ಳಿನಲ್ಲಿತ್ತು. ದಪ್ಪ ಉಕ್ಕಿನ ಮುಳ್ಳು ಹಾಕಿದರೆ ದನಿ ಜೋರು, ತಟ್ಟೆ ಬೇಗ ಸವೆಯುತ್ತೆ. ಸಣ್ಣ ಮುಳ್ಳಿಗೆ ಮೆಲುದನಿ. ಬಿದಿರಿನ ಚೂರನ್ನು, ಗಿಡದ ನಿಜವಾದ ಮುಳ್ಳನ್ನೂ ಹಾಕಿ ಕೇಳೋರಿದ್ದರು. ಅದು ಕರಕರ ಸದ್ದನ್ನು ತಗ್ಗಿಸುತ್ತೆ, ತಟ್ಟೆಯನ್ನೂ ಉಳಿಸುತ್ತೆ. ಉಕ್ಕಿನ ಮುಳ್ಳನ್ನು ಒಂದು ಮುಖಕ್ಕೆ ಒಂದರಂತೆ ಬದಲಿಸಬೇಕು. ಜಿಪುಣರು ಬದಲಿಸ್ತಿರಲಿಲ್ಲ. ಇವತ್ತು ಗೌಹರ್‌ಳ ಎಷ್ಟೋ ರೆಕಾರ್ಡುಗಳು ಸಿಡಿಯೋ ಸಾಸಿವೆಯ ಹಾಗೆ ಕೇಳೋದಕ್ಕೆ ತುತ್ತೂರಿಯಷ್ಟೇ ಕಾರಣ, ತೊಂಬತ್ತು ವರ್ಷದ ಹಿಂದೆ ಯಾರೋ ಬದಲಿಸದೆ ಬಿಟ್ಟ ಮುಳ್ಳು.

ಹೊರಗೆ ಹೀಗೆ ಮೆರೆದವಳ ಮನೆಯೊಳಗೆ ಕೋರ್ಟು ಕಾಗದಗಳ ರಾಶಿ. 1906ರಲ್ಲಿ ಅಮ್ಮ ತೀರಿಕೊಂಡಳು. ಮನೆಯಲ್ಲೇ ಬೆಳೆದ, ಕೆಲಸದವಳ ಮಗ ಭಗ್ಲು ಅನ್ನುವವನು ತಾನೇ ಮಲ್ಕಾ ಜಾನ್‌ಳ ಮಗ, ಆಸ್ತಿ ತನಗೆ ಸೇರಬೇಕು ಅಂತ ದಾವೆ ಹಾಕಿದ. ಗೌಹರ್ ತಾನು ಯಾರ ಮಗಳು ಅಂತ ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕಾಯಿತು. ದೇಶಕ್ಕೆಲ್ಲ ಹೆಸರು ಕೂಗಿ ಹೇಳಿದವಳಿಗೆ ಅಪ್ಪನ ಹೆಸರು ಕೇಳಿದರು. ಚಿಕ್ಕಂದಿನಲ್ಲಿ ಬಿಟ್ಟುಹೋದ ಅಪ್ಪನನ್ನು ಹುಡುಕಿಕೊಂಡು ಹೋದರೆ, ಸಾಕ್ಷಿ ಹೇಳೋಕೆ ಆತ ದುಡ್ಡು ಕೇಳಿದನಂತೆ. ಕೊನೆಗೆ ಕೇಸು ಗೆದ್ದಳು.

ಆಮೇಲೆ ತನ್ನ ಕಾರ್ಯದರ್ಶಿಯಾಗಿದ್ದ, ವಯಸ್ಸಿನಲ್ಲಿ ತನಗಿಂತ ಚಿಕ್ಕವನಾದ ಅಬ್ಬಾಸ್ ಜೊತೆಗಿನ ಸಂಬಂಧ, ಅದು ಮುರಿದು ಮತ್ತೆ ಕೋರ್ಟು. ಗಳಿಸಿದ್ದರಲ್ಲಿ ದೊಡ್ಡ ಪಾಲು ವಕೀಲರಿಗೂ ರಾಜಿಗಳಿಗೂ ಹೋಯಿತು. ಇದರ ವಿವರಕ್ಕೆ ಇಲ್ಲಿ ನಿಲ್ಲೋದಿಲ್ಲ. ಗೌಹರ್ ಬಗ್ಗೆ ಬರೆಯೋರೆಲ್ಲ ಇಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾರೆ, ಹಾಡು ಬಿಟ್ಟು. ದುಡ್ಡಿನ ಬಗ್ಗೆ ಒಂದೇ ವಿಷಯ ಹೇಳಬೇಕು. ಆಗಿನ ಪದ್ಧತಿ ಇಡಿಗಂಟಿನದ್ದು. ಹಾಡಿದ ದಿನ ಕೈಗೆ ಬಂದದ್ದೇ ಬಂತು. ಸಂಗೀತದ ಆ್ಯಪ್‌ಗಳು ಒಂದು ಕೇಳುವಿಕೆಗೆ ಎಷ್ಟು ಪೈಸೆ ಕೊಡಬೇಕು ಅಂತ ಇವತ್ತು ಹೋರಾಡೋ ಕಲಾವಿದರು ಈ ಇಡಿಗಂಟಿನ ಇತಿಹಾಸವನ್ನೂ ಒಮ್ಮೆ ನೋಡಬಹುದು.

ರಾಜಕೀಯಕ್ಕೆ ಬರೋಣ. 1890ರ ದಶಕದಿಂದ ಸುಧಾರಕರು ನಾಚ್ ವಿರೋಧಿ ಚಳವಳಿ ಶುರು ಮಾಡಿದ್ದರು. ಉದ್ದೇಶ ಹುಡುಗಿಯರ ಶೋಷಣೆ ನಿಲ್ಲಿಸೋದು. ಪರಿಣಾಮದಲ್ಲಿ ಹಾಡು, ಕುಣಿತ ಮರ್ಯಾದಸ್ಥರ ಮನೆಗೆ ಹೋಯಿತು, ಅದನ್ನು ಕಾಪಾಡಿದ ಹೆಂಗಸರು ಬೀದಿಯಲ್ಲಿ ಉಳಿದರು. ಗೌಹರ್ ಮತ್ತು ಗಾಂಧಿಯ ಬಗ್ಗೆ ಹೇಳೋ ಒಂದು ಕಥೆ ಇದೆ. ಸ್ವರಾಜ್ಯ ನಿಧಿಗೆ ಹಣ ಕೂಡಿಸಿ ಕೊಡಿ ಅಂತ ಗಾಂಧಿ ಕೇಳಿದರಂತೆ. ಕಛೇರಿಗೆ ನೀವೇ ಬಂದು ಕೂರಬೇಕು ಅಂತ ಆಕೆ ಷರತ್ತು ಹಾಕಿದಳಂತೆ. ಗಾಂಧಿ ಬರಲಾಗಲಿಲ್ಲ, ಶೌಕತ್ ಅಲಿಯನ್ನು ಹಣ ತರೋಕೆ ಕಳಿಸಿದರು. ಕೂಡಿದ 24,000 ರೂಪಾಯಿಯಲ್ಲಿ ಆಕೆ ಕೊಟ್ಟದ್ದು ಸರಿಯಾಗಿ ಅರ್ಧ. ಮಾತಿನ ಅರ್ಧ ನೀವು ನಡೆಸಿದಿರಿ, ಅರ್ಧ ನಾನು ಅನ್ನೋ ಅರ್ಥ. ಬಾಯಿಂದ ಬಾಯಿಗೆ ಬಂದ ಕಥೆ ಇದು, ಲೆಕ್ಕಪತ್ರ ಅಲ್ಲ. ಆದರೂ ತವಾಯಫರ ದುಡ್ಡು ಬೇಕು, ಸಭೆಯಲ್ಲಿ ಪಕ್ಕದ ಕುರ್ಚಿ ಬೇಡ ಅನ್ನೋ ಅನುಭವ ಆ ಹೆಂಗಸರಿಗೆ ಎಷ್ಟು ಸಲ ಆಗಿರದಿದ್ದರೆ ಇಂಥ ಕಥೆ ಹುಟ್ಟುತ್ತಿತ್ತು?

ಮೈಸೂರಿನ ಅಧ್ಯಾಯ ಪುಟ್ಟದು. ಕಲ್ಕತ್ತ ಬಿಟ್ಟು, ಡಾರ್ಜಿಲಿಂಗ್, ಬೊಂಬಾಯಿ ಅಂತ ಅಲೆದು, ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕರೆಯ ಮೇಲೆ ಇಲ್ಲಿಗೆ ಬಂದಳು. 1928ರ ಆಗಸ್ಟ್ 1ರಿಂದ ಅರಮನೆಯ ಸಂಗೀತ ವಿದುಷಿ, ತಿಂಗಳಿಗೆ 500 ರೂಪಾಯಿ ಸಂಬಳ. ಒಂದು ದಿನಕ್ಕೆ 3,000 ಪಡೆದವಳು. ಇರೋಕೆ ಒಂದು ಮನೆ. ಮೈಸೂರಿನ ಬಗ್ಗೆ ನಮಗೆ ಹೆಮ್ಮೆ ಇದೆ, ಇರಲಿ. ಅದರ ಒಳಗೊಂದು ಗಂಟೂ ಇದೆ. ಇದೇ ಮೈಸೂರು ಸರ್ಕಾರ 1909ರಲ್ಲಿ ದೇವಸ್ಥಾನಗಳಿಂದ ದೇವದಾಸಿ ಸೇವೆಯನ್ನು ತೆಗೆದುಹಾಕಿತ್ತು. ದೇವರ ಮುಂದೆ ಬೇಡವಾದ ಕಲೆಗೆ ದೊರೆಯ ಮುಂದೆ ಜಾಗ ಉಳಿದಿತ್ತು.

ಆ ಜಾಗಕ್ಕೆ ನಮ್ಮ ಕಡೂರಿನ ಒಬ್ಬಳೂ ಹೋಗಿ ನಿಂತಳು. ಕಡೂರು ಸೀಮೆಯ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಹುಡುಗಿ ವೆಂಕಟಲಕ್ಷಮ್ಮ. ಜಟ್ಟಿ ತಾಯಮ್ಮನವರ ಶಿಷ್ಯೆ. ಗೌಹರ್ ಮೈಸೂರಿನಲ್ಲಿದ್ದ ದಿನಗಳಲ್ಲಿ ಇವರಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. 1939ರಲ್ಲಿ ಆಸ್ಥಾನ ವಿದುಷಿಯಾದರು, 1992ರಲ್ಲಿ ಪದ್ಮಭೂಷಣ ಬಂತು, 2002ರವರೆಗೆ ಬದುಕಿದ್ದರು. ತಾಂಡ್ಯದ ಹುಡುಗಿ ಆಸ್ಥಾನಕ್ಕೆ ಹೋದ ದಾರಿ, ಏಂಜಲೀನಾ ಗೌಹರ್ ಆದ ದಾರಿ ಎರಡೂ ಒಂದೇ ಅಲ್ಲ. ಆದರೆ ಎರಡನ್ನೂ ತೆರೆದದ್ದು ಯಾವ ಶಾಲೆಯೂ ಅಲ್ಲ, ಅವರನ್ನು ಕೀಳು ಅಂದ ಕಸುಬೇ. ಕಡೂರಿನಲ್ಲಿ ಓದಿದ ನನಗೆ ವೆಂಕಟಲಕ್ಷಮ್ಮನವರ ಹೆಸರು ಗೊತ್ತಾದದ್ದು ಬೆಂಗಳೂರಿಗೆ ಹೋದ ಮೇಲೆ. ನಮ್ಮ ಮೇಷ್ಟ್ರುಗಳು ಅಜ್ಜಂಪುರದ ಅಮೃತಮಹಲ್ ದನಗಳ ಬಗ್ಗೆ ಹೇಳಿದ್ದರು.

ಮೈಸೂರಲ್ಲಿ ಗೌಹರ್ ಬಾಳಿದ್ದು ಒಂದೂವರೆ ವರ್ಷ. 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಯಸ್ಸು 56. ಸತ್ತ ಮೇಲೆ ಬಾಕಿ ಸಂಬಳ, ಉಳಿದ ವಸ್ತುಗಳ ಮೇಲೆ ಹಕ್ಕು ಹೇಳಿಕೊಂಡು ಅರ್ಜಿಗಳು ಬಂದವು. ಅಂಥ ಕಾಗದಗಳು ಅರಮನೆಯ ದಫ್ತರಿನಲ್ಲಿ ಕೂತಿದ್ದವು. ಅವು ಸಿಕ್ಕಿದ್ದರಿಂದಲೇ ವಿಕ್ರಮ್ ಸಂಪತ್ 2010ರಲ್ಲಿ ಆಕೆಯ ಜೀವನಚರಿತ್ರೆ ಬರೆಯಲು ಆಯಿತು. ಆ ಲೇಖಕರ ಬೇರೆ ಪುಸ್ತಕಗಳ ಬಗ್ಗೆ ನಿಮಗೆ ತಕರಾರಿರಬಹುದು, ನನಗೂ ಇದೆ. ಈ ಪುಸ್ತಕ ಓದಿ.

ಆಕೆ ಸತ್ತ ಐದು ವರ್ಷಕ್ಕೆ, 1935ರಲ್ಲಿ, ಅದೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ರೇಡಿಯೊಗೆ ಅಂಟಿದ್ದು ಅಲ್ಲಿಂದ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರಿ ರೇಡಿಯೊದಿಂದ, ಖಾಸಗಿ ಬದುಕು ಸರಿಯಿಲ್ಲ ಅನ್ನೋ ಕಾರಣ ಕೊಟ್ಟು, ಗೌಹರ್‌ಳ ಕಸುಬಿನ ಹೆಂಗಸರನ್ನು ಹೊರಗಿಟ್ಟರು. ವಲ್ಲಭಭಾಯಿ ಪಟೇಲ್ ವಾರ್ತಾ ಖಾತೆ ನೋಡಿಕೊಳ್ತಿದ್ದ ಕಾಲದ ಆದೇಶ ಅದು. ಯಂತ್ರದ ಎದುರು ನಿಂತು ಹಾಡೋದು ಹೇಗೆ ಅಂತ ಈ ದೇಶಕ್ಕೆ ತೋರಿಸಿಕೊಟ್ಟವರ ಪೀಳಿಗೆಗೆ ಮೈಕ್ ನಿಷೇಧ.

ಸರಿ, ನಮ್ಮ ಹುಡುಗನ ಪ್ರಶ್ನೆಗೆ ವಾಪಸ್ ಬರ್ತೀನಿ. ಇರೋ ಮುನ್ನೂರು ರೂಪಾಯಿ ಇಯರ್‌ಫೋನಿನಲ್ಲೇ ಗೌಹರ್‌ಳನ್ನು ಚೆನ್ನಾಗಿ ಕೇಳೋದು ಹೇಗೆ?

ಮೊದಲನೆಯದು ವೇಗ. 78 ಸುತ್ತು ಅನ್ನೋದು ಆಮೇಲೆ ಬಂದ ಒಪ್ಪಂದ. ಗೌಹರ್ ಕಾಲದ ತಟ್ಟೆಗಳು ನಿಮಿಷಕ್ಕೆ 70 ಚಿಲ್ಲರೆಯಿಂದ 80ರ ಮೇಲಿನವರೆಗೆ ಹೇಗೆಂದರೆ ಹಾಗೆ ಸುತ್ತುತ್ತಿದ್ದವು. 72ರಲ್ಲಿ ಕೊರೆದದ್ದನ್ನು ಯಾರೋ 78ರಲ್ಲಿ ಓಡಿಸಿ ನೆಟ್ಟಿಗೆ ಹಾಕಿದರೆ ಶ್ರುತಿ ಶೇಕಡಾ 8ರಷ್ಟು ಮೇಲಕ್ಕೆ ಹೋಗುತ್ತೆ. ಷಡ್ಜ ಕೋಮಲ ರಿಷಭವನ್ನೂ ದಾಟಿ ಮುಂದೆ ಹೋಗಿ ಕೂರುತ್ತೆ. ತುಂಬಿದ ದನಿಯ ಹೆಂಗಸು ಕೀಚಲು ಹುಡುಗಿ ಆಗ್ತಾಳೆ. ಸೊಳ್ಳೆ ಹುಟ್ಟಿದ್ದು ಇಲ್ಲೇ. ಯೂಟ್ಯೂಬಿನ ವೇಗದ ಗುಂಡಿಯಿಂದ ಇದು ಸರಿಹೋಗೋದಿಲ್ಲ. ಅದು ಶ್ರುತಿಯನ್ನು ಹಾಗೇ ಇಟ್ಟು ಹೊತ್ತನ್ನು ಮಾತ್ರ ಎಳೆಯುತ್ತೆ. ಅಡಾಸಿಟಿಯಂಥ ಪುಕ್ಕಟೆ ತಂತ್ರಾಂಶದಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸಬೇಕು. ಎಷ್ಟು ಇಳಿಸಬೇಕು ಅನ್ನೋದಕ್ಕೆ ಕೊನೆಯಲ್ಲಿ ಹೆಸರು ಹೇಳೋ ಮಾತೇ ಅಳತೆಗೋಲು. ಹಾಡಿಗಿಂತ ಮಾತಿನಲ್ಲಿ ಮೋಸ ಬೇಗ ಸಿಕ್ಕಿಬೀಳುತ್ತೆ.

ಎರಡನೆಯದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅನ್ನೋ ಕಡೆ ಮೋನೊ ಆಡಿಯೊ ಅಂತ ಇರುತ್ತೆ, ಅದನ್ನು ಆನ್ ಮಾಡಿ. ಗೌಹರ್‌ಳ ದನಿ ಗೆರೆಯ ಪಕ್ಕದ ಅಲುಗಾಟದಲ್ಲಿದೆ. ಮೇಲೆ ಕೆಳಗಿನ ಅಲುಗಾಟ ಬರೀ ಧೂಳು, ಗೀರು. ಸ್ಟೀರಿಯೊ ಮುಳ್ಳಿನಲ್ಲಿ ಇಳಿಸಿಕೊಂಡ ಕಡತವಾದರೆ ಎಡ ಬಲ ಕೂಡಿಸಿದಾಗ ಆ ಗದ್ದಲದ ಒಂದು ಪಾಲು ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತೆ. ಬಾಸ್ ಬೂಸ್ಟ್ ಆಫ್ ಮಾಡಿ. ಈಕ್ವಲೈಜರ್‌ನಲ್ಲಿ ತೀರಾ ಕೆಳಗಿನ ಪಟ್ಟಿಗಳನ್ನೂ, 4,000ಕ್ಕಿಂತ ಮೇಲಿನವನ್ನೂ ಇಳಿಸಿ. ಅಲ್ಲಿ ಆಕೆ ಇಲ್ಲ, ಮುಳ್ಳಿನ ಸದ್ದು ಮಾತ್ರ ಇದೆ. ಸದ್ದೆಲ್ಲ ಒರೆಸಿ ತೆಗೆದ ನುಣ್ಣನೆಯ ಪ್ರತಿಗಳಿಗೆ ಮರುಳಾಗಬೇಡಿ. ಸದ್ದಿನ ಜೊತೆ ದನಿಯ ಅಂಚೂ ಹೋಗಿ, ಬಾವಿಯೊಳಗಿಂದ ಹಾಡಿದ ಹಾಗಿರುತ್ತೆ. ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಸಿಗೋ ಕರಕರ ಪ್ರತಿಯೇ ಮೇಲು. ವಾಟ್ಸಾಪ್ ವಿಡಿಯೊ ಬೇಡ, ಇಳಿಸಿ ಏರಿಸಿ ಇಳಿಸಿ ಅದರಲ್ಲಿ ಏನೂ ಉಳಿದಿರೋದಿಲ್ಲ.

ಇಯರ್‌ಫೋನಿಗೆ ಖರ್ಚು ಮಾಡಲೇಬೇಕು ಅಂತಿದ್ದರೆ ತುದಿಯ ರಬ್ಬರಿಗೆ ಮಾಡಿ. ಕಿವಿಗೆ ಸರಿಯಾಗಿ ಕೂರೋ ಅಳತೆಯದ್ದು ಹಾಕಿದರೆ ರೈಲಿನ ಸದ್ದು ಹೊರಗೆ ಉಳಿಯುತ್ತೆ, ವಾಲ್ಯೂಮ್ ತಗ್ಗಿಸಬಹುದು. ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ರೈಲಿನಲ್ಲಿ ಜೋರು ಇಟ್ಟರೆ ಅದು ಗೊತ್ತಾಗದೆ ದಾಟಿಬಿಡುತ್ತೆ.

ಇಷ್ಟೆಲ್ಲ ಮಾಡಿ, ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲಿ ಶ್ರುತಿ ಇಳಿಸಿಟ್ಟಿದ್ದ ಇನ್ನೊಂದು ಪ್ರತಿಯನ್ನು ಹುಡುಗನ ಕಿವಿಗೆ ಕೊಟ್ಟೆ. ಈ ಸಲ ಹತ್ತು ಸೆಕೆಂಡ್ ದಾಟಿತು. ಕಿಟಕಿಯಾಚೆ ತೆಂಗಿನ ತೋಟಗಳು ಮುಗಿದು ಬಯಲು ಶುರುವಾಯಿತು. ಶಿವನಿಗೆ ಹೋಗೋ ಹೆಂಗಸರ ಗುಂಪೊಂದು ಎದುರು ಸೀಟಿನಲ್ಲಿ ಮಂಡಕ್ಕಿ ತಿಂತಾ ಜೋರಾಗಿ ಮಾತಾಡ್ತಾ ಇತ್ತು. ಅವನು ಕಣ್ಣು ಮುಚ್ಚಿದ್ದ. ಮೂರು ನಿಮಿಷ ಆದ ಮೇಲೆ ತಟಕ್ಕನೆ ನನ್ನ ಕಡೆ ತಿರುಗಿ, ಕೊನೆಗೆ ಏನೋ ಇಂಗ್ಲಿಷಿನಲ್ಲಿ ಹೇಳಿದಳಲ್ಲ ಚಿಕ್ಕಪ್ಪ, ಏನದು ಅಂತ ಕೇಳಿದ. ಹಿಂದಕ್ಕೆ ತಳ್ಳಿ ಇನ್ನೊಂದು ಸಲ ಕೇಳು ಅಂದೆ. ರೈಲು ಅಜ್ಜಂಪುರದಲ್ಲಿ ನಿಂತಿತ್ತು. ಅವನು ಬೆರಳಿನಲ್ಲಿ ಹಿಂದಕ್ಕೆ ತಳ್ಳುತ್ತಲೇ ಇಳಿದ.